ಗಂಧಕ ಮುಟ್ಟದ ಕಾಡಿಗೆ: ಗೋಧಿ ಬೀಜದ ಒಂದು ಪ್ರಕರಣ

ಈ ಪ್ರಕರಣದ ರೈತರನ್ನು ಈರಪ್ಪ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಊರು ಮಲಪ್ರಭಾ ಅಚ್ಚುಕಟ್ಟಿನಲ್ಲಿದೆ, ಅಷ್ಟು ಗುರುತು ಸಾಕು. ಕಥೆಯಲ್ಲಿ ಬೀಗರೂ ಬರುತ್ತಾರೆ, ದಾಯಾದಿಗಳೂ ಬರುತ್ತಾರೆ. ಊರಿನ ಹೆಸರು ಬಯಲಾದರೆ ನಾಳೆ ಯಾರದೋ ಮನೆಯ ಮದುವೆ ಪಂಕ್ತಿಯಲ್ಲಿ ಮಾತು ಬೆಳೆಯುತ್ತದೆ. ಒಟ್ಟು ಮೂರು ಹಿಂಗಾರಿ ಹಂಗಾಮುಗಳಲ್ಲಿ ನಡೆದ ಸಂಗತಿ ಇದು. ಬೆಳೆ ರೋಗಗಳ ಸಲಹೆ ಕೊಡುವುದು ನನ್ನ ಕೆಲಸ. ಇದರಲ್ಲಿ ನಾನು ಎರಡು ಸಲ ಎಡವಿದ್ದೇನೆ, ಅದನ್ನೂ ಬರೆದಿದ್ದೇನೆ.

ಹಿನ್ನೆಲೆ

ಈರಪ್ಪನವರದು ಎರೆಭೂಮಿ. ಕಾಲುವೆ ನೀರು ಸಿಗುವ ಮೂರು ಎಕರೆಯಲ್ಲಿ ಪ್ರತಿ ವರ್ಷ ಗೋಧಿ, ಉಳಿದದ್ದರಲ್ಲಿ ಕಡಲೆ ಮತ್ತು ಜೋಳ. ಮೊದಲು ಮನೆಯಲ್ಲಿ ಜವೆಗೋಧಿ ಬಿತ್ತುತ್ತಿದ್ದರು. ಮಗನ ಮದುವೆಯಾದ ವರ್ಷ ಬೀಗರ ಊರಿಗೆ ಹೋದಾಗ ಅಲ್ಲಿನ ಚಪಾತಿ ಬಾಯಿಗೆ ಹಿಡಿಸಿತು. ಮರುವರ್ಷ ಬೀಗರೇ ತಮ್ಮ ಹೊಲದ ಗೋಧಿ ಬೀಜವನ್ನು ನಾಲ್ಕು ಚೀಲಗಳಲ್ಲಿ ತುಂಬಿಸಿ ಗಾಡಿಯಲ್ಲಿ ಕಳಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಕಾಳು ದಪ್ಪ, ಹೊಳಪು ಚೆನ್ನಾಗಿತ್ತು, ಕಸ ಇರಲಿಲ್ಲ. ತಳಿಯ ಹೆಸರನ್ನು ಯಾರೂ ಕೇಳಲಿಲ್ಲ. ಬೀಗರು ಕೊಟ್ಟದ್ದಕ್ಕೆ ಚೀಟಿ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ಬೀಜೋಪಚಾರ ಮಾಡದೆ ಬಿತ್ತುವ ಮನುಷ್ಯ ಅವರಲ್ಲ. ಹಿಂದೆ ಜೋಳದ ತೆನೆಯಲ್ಲಿ ಕಾಳಿನ ಬದಲು ಕರಿಪುಡಿ ತುಂಬಿಕೊಳ್ಳುತ್ತಿದ್ದಾಗ ಯಾರೋ ಹೇಳಿದರೆಂದು ಬೀಜಕ್ಕೆ ಗಂಧಕದ ಪುಡಿ ಹಚ್ಚಿ ಬಿತ್ತಿದ್ದರು. ಕಾಡಿಗೆ ನಿಂತುಹೋಗಿತ್ತು. ಆ ಮೇಲೆ ಮನೆಯಲ್ಲಿ ಗಂಧಕದ ಡಬ್ಬಿ ಖಾಲಿಯಾದದ್ದೇ ಇಲ್ಲ. ಬೀಗರ ಗೋಧಿಗೂ ಅದನ್ನೇ ಹಚ್ಚಿದರು. ನವೆಂಬರ್ ಎರಡನೆಯ ವಾರದಲ್ಲಿ ಎಕರೆಗೆ 60 ಕಿಲೋದಂತೆ ಕೂರಿಗೆಯಲ್ಲಿ ಬಿತ್ತಿದರು. ಬೆಳೆ ಒಂದೇ ಸಮನೆ ಎದ್ದು ಬಂತು, ತೆಂಡೆ ಚೆನ್ನಾಗಿ ಒಡೆಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ತೆನೆ ಬರುವ ಮೊದಲೇ ಐದು ಮನೆಯವರು ಮುಂದಿನ ವರ್ಷಕ್ಕೆ ಬೀಜ ತಮಗೇ ಬೇಕೆಂದು ಮಾತು ತೆಗೆದುಕೊಂಡರು. ಒಟ್ಟು ಆರು ಕ್ವಿಂಟಲ್.

ನಾನು ಇದನ್ನೆಲ್ಲ ತಿಳಿದುಕೊಂಡದ್ದು ತುಂಬ ತಡವಾಗಿ. ಮೊದಲೇ ಕೇಳಬೇಕಿತ್ತು.

ಚರಗದ ದಿನ

ಮೊದಲು ಕಂಡದ್ದು ಸೊಸೆಗೆ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲದಲ್ಲಿ ಚರಗ ಚೆಲ್ಲುತ್ತಿದ್ದರು. ಆಕೆ ಗೋಧಿಯ ಸಾಲಿನಲ್ಲಿ ನಡೆದು ಬಂದಾಗ ಸೀರೆಯ ಅಂಚಿನ ಉದ್ದಕ್ಕೂ ಮಸಿ ಎಳೆದಂತಾಗಿತ್ತು. ಹಿಂತಿರುಗಿ ನೋಡಿದರೆ ಹಸಿರು ತೆನೆಗಳು ಹೊಡೆಯಿಂದ ಇನ್ನೂ ಇಣುಕುತ್ತಿರುವಾಗಲೇ ಅಲ್ಲೊಂದು ಇಲ್ಲೊಂದು ತೆನೆ ಆತುರಪಟ್ಟಂತೆ ಮೇಲೆದ್ದು ನಿಂತಿತ್ತು. ಅದರಲ್ಲಿ ಹೂವೂ ಇಲ್ಲ, ಹೊಟ್ಟೂ ಇಲ್ಲ. ತೆನೆಗೆ ತೆನೆಯೇ ಕರಿಪುಡಿ. ಕೆಲವದರ ಮೇಲೆ ಈರುಳ್ಳಿಯ ಒಳಪೊರೆಗಿಂತ ತೆಳ್ಳಗಿನ ಬೂದುಬಣ್ಣದ ಪೊರೆ ಇನ್ನೂ ಹರಿಯದೆ ಉಳಿದಿತ್ತು. ಬೆರಳು ತಾಗಿಸಿದರೆ ಒಡೆದು ಪುಡಿ ಹಾರುತ್ತಿತ್ತು. ನಾಲ್ಕು ದಿನ ಬಿಟ್ಟು ನೋಡಿದರೆ ಗಾಳಿಗೆ ಪುಡಿಯೆಲ್ಲ ಹೋಗಿ ಬರಿಯ ದಂಟು ಸೆಟೆದು ನಿಂತಿರುತ್ತಿತ್ತು.

ಆಕೆಗೆ ಇದು ಹೊಸದಲ್ಲ. ತವರಿನ ಹೊಲದಲ್ಲಿ ಪ್ರತಿ ವರ್ಷ ಒಂದಷ್ಟು ಕರಿತೆನೆ ಬರುತ್ತಿದ್ದವಂತೆ. ಚಿಕ್ಕವಳಿದ್ದಾಗ ಅವನ್ನು ಕಿತ್ತು ಒಬ್ಬರ ಹಣೆಗೊಬ್ಬರು ಬೊಟ್ಟಿಡುವುದು ಆಟವಾಗಿತ್ತಂತೆ. ಆದರೆ ಬೀಜ ಬಂದದ್ದು ಅಪ್ಪನ ಮನೆಯಿಂದ. ಮಾವನ ಎದುರು ಆ ಮಾತು ತೆಗೆಯುವುದು ಹೇಗೆ? ಎರಡು ದಿನ ಸುಮ್ಮನಿದ್ದಳು. ಆ ಎರಡು ದಿನ ಎಷ್ಟು ದುಬಾರಿಯಾದವು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಈರಪ್ಪನವರು ಮೊಬೈಲಿನಲ್ಲಿ ಚಿತ್ರ ಕಳಿಸಿದರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಗೋಧಿಯ ಕಾಡಿಗೆ ರೋಗ, ಪುಸ್ತಕಗಳಲ್ಲಿ ಲೂಸ್ ಸ್ಮಟ್. ಅಸ್ಟಿಲಾಗೊ ಟ್ರಿಟಿಸಿ ಎಂಬ ಶಿಲೀಂಧ್ರದ ಕೆಲಸ. "ಕರಿತೆನೆಗಳನ್ನು ಕಿತ್ತು ಸುಟ್ಟುಬಿಡಿ, ಉಳಿದ ಬೆಳೆಗೆ ಏನೂ ಆಗುವುದಿಲ್ಲ" ಎಂದೆ. ಹೇಳಿದ್ದು ಸುಳ್ಳಲ್ಲ. ಆದರೆ "ಈ ಗೋಧಿಯನ್ನು ಬೀಜಕ್ಕೆ ಇಡುತ್ತೀರಾ?" ಎಂದು ಕೇಳಲಿಲ್ಲ. ನನ್ನ ಮೊದಲ ತಪ್ಪು ಅದು.

ಎಣ್ಣೆ ಹೊಡೆಸಿದ್ದು, ಕರಿತೆನೆ ಕಿತ್ತದ್ದು

ಬರಿಯ ಕೀಳಿಸಿ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಔಷಧದ ಅಂಗಡಿಯವರು ಪ್ರೊಪಿಕೊನಾಜೋಲ್ ಕೊಟ್ಟರು. ಈರಪ್ಪನವರು ಮೂರೂ ಎಕರೆಗೆ ಎಣ್ಣೆ ಹೊಡೆಸಿದರು. ಗೋಧಿಯ ಎಲೆಗೆ ತುಕ್ಕು ಬಂದಾಗ ಅದು ಒಳ್ಳೆಯ ಔಷಧವೇ. ಕಾಳಾಗಬೇಕಾದದ್ದು ಆಗಲೇ ಪುಡಿಯಾಗಿ ಹೋದ ತೆನೆಯನ್ನು ಯಾವ ಔಷಧವೂ ಮರಳಿ ತೆನೆಯಾಗಿಸುವುದಿಲ್ಲ.

ಕೀಳುವ ಕೆಲಸಕ್ಕೆ ನಾಲ್ಕು ಆಳು ಹಚ್ಚಿದರು. ಮಟಮಟ ಮಧ್ಯಾಹ್ನ, ಗಾಳಿ ಬೀಸುವ ಹೊತ್ತು. ಕರಿತೆನೆಗಳನ್ನು ಕಿತ್ತು ಕಂಕುಳಲ್ಲಿ ಹೊರೆ ಮಾಡಿಕೊಂಡು ಹೊಲದ ಉದ್ದಗಲ ಓಡಾಡಿದರು. ಕೆಲಸ ಮುಗಿದಾಗ ಅವರ ಕುಪ್ಪಸ, ಸೆರಗು, ಮುಖ ಎಲ್ಲ ಕರ್ರಗಾಗಿದ್ದವು. ಪುಡಿ ಅವರ ಬಟ್ಟೆಯ ಮೇಲಷ್ಟೇ ಬಿದ್ದಿರಲಿಲ್ಲ. ಆಗ ಸುತ್ತಲಿನ ಒಳ್ಳೆಯ ತೆನೆಗಳೆಲ್ಲ ಹೂವಿನಲ್ಲಿದ್ದವು.

ಕಣ್ಣಿಗೆ ಕಾಣದೆ ನಡೆಯುವ ಕೆಲಸ ಇರುವುದು ಇಲ್ಲೇ. ಗೋಧಿಯ ಹೂವು ಬಾಯಿಬಿಟ್ಟಿರುವ ಆ ಕೆಲವು ದಿನಗಳಲ್ಲಿ ಕರಿಪುಡಿಯ ಒಂದು ಕಣ ಒಳಗೆ ಬಿದ್ದರೆ ಅದು ಮೊಳೆತು, ಅಂಡಾಶಯದ ಗೋಡೆ ದಾಟಿ, ಕಾಳು ಗಟ್ಟಿಯಾಗುವಷ್ಟರಲ್ಲಿ ಭ್ರೂಣದೊಳಗೆ ಸೇರಿಕೊಳ್ಳುತ್ತದೆ. ಅಲ್ಲೇ ನಿದ್ದೆ ಹೋಗುತ್ತದೆ. ಕಾಳಿನ ಗಾತ್ರ ಕುಗ್ಗುವುದಿಲ್ಲ, ಬಣ್ಣ ಕೆಡುವುದಿಲ್ಲ, ತೂಕ ಇಳಿಯುವುದಿಲ್ಲ, ಮೊಳಕೆಯೂ ಬರುತ್ತದೆ. ಮುಂದಿನ ವರ್ಷ ಬಿತ್ತಿದಾಗ ಸಸಿಯ ಜೊತೆಗೆ ಶಿಲೀಂಧ್ರವೂ ಎಚ್ಚರಗೊಂಡು ಬೆಳೆಯುವ ತುದಿಯ ಬೆನ್ನು ಹತ್ತಿ ಮೇಲೇರುತ್ತದೆ. ತೆನೆ ಕಟ್ಟುವ ಹೊತ್ತಿಗೆ ಹೂವಿನ ಜಾಗವನ್ನೆಲ್ಲ ತಾನೇ ತಿಂದು ಪುಡಿಯಾಗಿ ಹೊರಬರುತ್ತದೆ. ಈರಪ್ಪನವರು ಈ ಜನವರಿಯಲ್ಲಿ ಕಂಡ ಕರಿತೆನೆ ಹಿಂದಿನ ವರ್ಷ ಬೀಗರ ಹೊಲದಲ್ಲಿ ಹೂಬಿಟ್ಟ ದಿನಗಳ ಫಲ. ಅವರ ಹೊಲದ ಈ ಜನವರಿಯ ಪುಡಿ ಏನು ಮಾಡಿತೆಂಬುದು ಕಾಣುವುದು ಮುಂದಿನ ಜನವರಿಗೆ.

ನಾನು ಹೊಲಕ್ಕೆ ಹೋದದ್ದು ಕೀಳಿಸಿದ ಮೇಲೆ. ತಡವಾಗಿ ಬಂದ ತೆಂಡೆಗಳಲ್ಲಿ ಹೊಸ ಕರಿತೆನೆ ಏಳುತ್ತಲೇ ಇದ್ದವು. ಪೈಪಿನಿಂದ ಮಾಡಿಸಿಕೊಂಡ ಒಂದು ಮೀಟರ್ ಚೌಕಟ್ಟು ನನ್ನ ಬಳಿ ಇರುತ್ತದೆ. ಅದನ್ನು ಹತ್ತು ಕಡೆ ಇಟ್ಟು ಎಣಿಸಿದೆವು. ಕಿತ್ತ ತೆನೆಗಳ ಬುಡದ ಕೂಳೆಯನ್ನೂ ಲೆಕ್ಕಕ್ಕೆ ಹಿಡಿದಾಗ 3,140 ತೆನೆಗಳಲ್ಲಿ 91 ಕಾಡಿಗೆ. ಶೇಕಡಾ 2.9.

ಈರಪ್ಪನವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಎಕರೆಗೆ 14 ಕ್ವಿಂಟಲ್ ಬಂದರೆ ಮೂರೆಕರೆಗೆ 42. ನೂರಕ್ಕೆ ಮೂರು ಹೋದರೆ ಒಂದೂಕಾಲು ಕ್ವಿಂಟಲ್. ಇಲಿ ತಿಂದಿತು ಅಂದುಕೊಳ್ಳುತ್ತೇನೆ, ಬಿಡಿ."

ಅವರ ಲೆಕ್ಕ ಸರಿಯಾಗಿಯೇ ಇತ್ತು. ಈ ರೋಗದಲ್ಲಿ ಎಷ್ಟು ತೆನೆ ಕಪ್ಪೋ ಹೆಚ್ಚುಕಡಿಮೆ ಅಷ್ಟೇ ನಷ್ಟ. ನಾನು ಬೇರೊಂದು ಅಂಕಿ ಹೇಳಿದೆ. ನಮ್ಮ ದೇಶದ ಬೀಜ ಪ್ರಮಾಣನದ ನಿಯಮದಂತೆ ಪ್ರಮಾಣಿತ ಬೀಜ ಬೆಳೆಯುವ ಗೋಧಿ ಹೊಲದಲ್ಲಿ ಕಾಡಿಗೆ ತೆನೆ ಶೇಕಡಾ 0.5 ಮೀರಬಾರದು, ಮೂಲ ಬೀಜದ ಹೊಲವಾದರೆ ಶೇಕಡಾ 0.1. ಉಣ್ಣಲು ಬೆಳೆದ ಗೋಧಿಗೆ 2.9 ಎಂದರೆ ಇಲಿ ತಿಂದ ಲೆಕ್ಕ. ಬೀಜಕ್ಕೆ ಅದು ಮಿತಿಯ ಸುಮಾರು ಆರು ಪಟ್ಟು.

"ಬೀಜಕ್ಕೆ" ಎಂದಾಗ ಅವರು ಮುಖ ಎತ್ತಿದರು. ಐದು ಮನೆಗಳಿಗೆ ಕೊಟ್ಟ ಮಾತಿನ ವಿಷಯ ನನಗೆ ಗೊತ್ತಾದದ್ದು ಆಗ.

ಗಂಧಕ ಏಕೆ ಕೆಲಸ ಮಾಡಲಿಲ್ಲ

ಅವರ ಮೊದಲ ಸಂಶಯ ಗಂಧಕದ ಮೇಲೆ: ಡಬ್ಬಿ ಹಳೆಯದಿರಬೇಕು. ಎರಡನೆಯದು ಭೂಮಿಯ ಮೇಲೆ: ನೆಲಕ್ಕೇ ರೋಗ ಹತ್ತಿರಬೇಕು, ಮುಂದಿನ ಸಲ ಕಡಲೆ ಬಿತ್ತುವುದೇ ಲೇಸು. ಎರಡೂ ಅಲ್ಲ. ಜೋಳದ ಕಾಳು ಕಾಡಿಗೆಯಲ್ಲಿ ಶಿಲೀಂಧ್ರದ ಕಣಗಳು ರಾಶಿ ಮಾಡುವಾಗ ಒಳ್ಳೆಯ ಬೀಜದ ಸಿಪ್ಪೆಗೆ ಮೆತ್ತಿಕೊಳ್ಳುತ್ತವೆ. ಅವು ಹೊರಗೇ ಇರುವುದರಿಂದ ಗಂಧಕ ತಾಗಿದರೆ ಸಾಯುತ್ತವೆ. ಗೋಧಿಯ ಈ ಕಾಡಿಗೆ ಬೀಜದ ಒಳಗೆ ಮಲಗಿರುತ್ತದೆ. ಹೊರಬಾಗಿಲಿಗೆ ಎಷ್ಟು ದೊಡ್ಡ ಬೀಗ ಹಾಕಿದರೂ ಕಳ್ಳ ಅಟ್ಟದ ಮೇಲೆ ಇದ್ದಾನೆ. ಎರಡು ರೋಗಕ್ಕೂ ನಮ್ಮ ಭಾಷೆಯಲ್ಲಿ ಕಾಡಿಗೆ ಎಂದೇ ಹೆಸರು. ಜೋಳದಲ್ಲಿ ಗೆದ್ದ ಮದ್ದನ್ನು ಗೋಧಿಗೆ ಹಚ್ಚುವಂತೆ ಮಾಡಿದ್ದು ಆ ಹೆಸರೇ ಎಂದು ನನಗೆ ಅನಿಸುತ್ತದೆ. ಇದು ದಡ್ಡತನವಲ್ಲ, ಅನುಭವವಿದ್ದ ರೈತನೇ ಬೀಳುವ ಹಳ್ಳ.

ನೆಲದ ಮೇಲಿನ ಸಂಶಯವೂ ಸುಳ್ಳು. ಗಾಳಿಗೆ ಹಾರಿದ ಪುಡಿ ಹೂವಿಗೆ ಬೀಳದೆ ಮಣ್ಣಿಗೆ ಬಿದ್ದರೆ ಮುಂದಿನ ಬಿತ್ತನೆಯವರೆಗೆ ಬದುಕಿ ಉಳಿಯುವುದಿಲ್ಲ.

ಈ ನಡುವೆ ಊರಿನ ಹುಡುಗನೊಬ್ಬ ಮೊಬೈಲಿನಲ್ಲಿ ಕರ್ನಾಲ್ ಬಂಟ್ ಎಂಬ ರೋಗದ ಬಗ್ಗೆ ಓದಿ, ಇದು ಕರ್ನಾಟಕದ್ದೇ ರೋಗವಂತೆ, ಗೋಧಿಯನ್ನು ಯಾರೂ ಕೊಳ್ಳುವುದಿಲ್ಲವಂತೆ ಎಂದು ಸುದ್ದಿ ಹಬ್ಬಿಸಿದ್ದ. ಕರ್ನಾಲ್ ಇರುವುದು ಹರಿಯಾಣದಲ್ಲಿ. 1931ರಲ್ಲಿ ಮಿತ್ರಾ ಎಂಬ ವಿಜ್ಞಾನಿ ಅಲ್ಲಿಂದ ವರದಿ ಮಾಡಿದ ಆ ರೋಗದಲ್ಲಿ ತೆನೆ ತೆನೆಯಾಗಿಯೇ ಇರುತ್ತದೆ. ಕೆಲವು ಕಾಳುಗಳ ಒಂದು ಭಾಗ ಮಾತ್ರ ಕಪ್ಪಾಗಿ, ಕೊಳೆತ ಮೀನಿನ ನಾತ ಹೊಡೆಯುತ್ತದೆ. ಈರಪ್ಪನವರ ಗೋಧಿಗೆ ಗೋಧಿಯದೇ ವಾಸನೆ ಇತ್ತು.

ರಾಶಿಯ ಮುಂದೆ

ಮಾರ್ಚಿನಲ್ಲಿ ರಾಶಿ ಆಯಿತು. ಈರಪ್ಪನವರು ತಮ್ಮದೇ ದಾರಿ ಹುಡುಕಿದ್ದರು. ಕರಿತೆನೆ ಕಡಿಮೆ ಇದ್ದ ಮೂಲೆಯ ಗೋಧಿಯನ್ನು ಬೇರೆ ಇಟ್ಟು, ಜರಡಿ ಹಿಡಿದು ದಪ್ಪ ಕಾಳನ್ನಷ್ಟೇ ಆರಿಸಿದ್ದರು. ಸಜ್ಜೆಯ ಬೀಜಕ್ಕೆ ಮಾಡುವಂತೆ ಉಪ್ಪುನೀರಿನ ಪರೀಕ್ಷೆಯನ್ನೂ ಮಾಡಿದ್ದರು. ನಾನು ಹೋದಾಗ ಕೊಡದಲ್ಲಿ ಮತ್ತೊಮ್ಮೆ ತೋರಿಸಿದರು. ನಾಲ್ಕು ಹಿಡಿ ಗೋಧಿ ಸುರಿದರು. ಹೊಟ್ಟು ತೇಲಿತು, ಕಾಳೆಲ್ಲ ಸದ್ದಿಲ್ಲದೆ ತಳ ಸೇರಿತು. "ನೋಡಿ, ಒಂದೂ ಜಳ್ಳಿಲ್ಲ" ಎಂದರು. ಸಜ್ಜೆಯ ಎರ್ಗಾಟ್‌ನಲ್ಲಿ ರೋಗದ ಗಡ್ಡೆ ಹಗುರ, ಅದು ತೇಲುತ್ತದೆ. ಇಲ್ಲಿ ರೋಗವಿದ್ದ ಕಾಳಿಗೂ ಇಲ್ಲದ ಕಾಳಿಗೂ ಒಂದೇ ತೂಕ.

ಬಾಯಿಮಾತಿನಲ್ಲಿ ಒಪ್ಪಿಸುವುದು ಕಷ್ಟವಾಗಿತ್ತು. ಒಂದು ಕಿಲೋ ಬೀಜವನ್ನು ಪ್ರಯೋಗಾಲಯಕ್ಕೆ ಒಯ್ದೆ. ಜೊತೆಗೆ ಅವರ ಮಗನನ್ನೂ ಕರೆದುಕೊಂಡು ಹೋದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಜಾಣ ಕೆಲಸ ಎಂದರೆ ಇದೊಂದೇ. ಕಾಳುಗಳನ್ನು ನೀಲಿ ಬಣ್ಣ ಬೆರೆಸಿದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸುತ್ತಾರೆ. ಬೆಳಿಗ್ಗೆ ಬಿಸಿನೀರಿನಲ್ಲಿ ತೊಳೆದು ಜರಡಿಯಿಂದ ಜರಡಿಗೆ ಸುರಿಯುತ್ತ ಹೋದರೆ ಭ್ರೂಣಗಳು ಕಾಳಿನಿಂದ ಕಳಚಿಕೊಂಡು ಉಳಿಯುತ್ತವೆ, ಒಂದೊಂದೂ ಎಳ್ಳಿಗಿಂತ ಚಿಕ್ಕದು. ಅವನ್ನು ಪಾರದರ್ಶಕವಾಗುವಂತೆ ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಸಾಲಾಗಿ ಇಡುತ್ತಾರೆ. ಆರೋಗ್ಯದ ಭ್ರೂಣ ತಿಳಿ ಗಾಜಿನಂತೆ. ರೋಗವಿದ್ದದ್ದರಲ್ಲಿ ನೀಲಿ ದಾರದ ಸಿಕ್ಕು. ಹುಡುಗ ತುಂಬ ಹೊತ್ತು ಕಣ್ಣು ಕೀಳಲಿಲ್ಲ. "ಇದು ನಮ್ಮ ಗೋಧಿಯೇ?" ಎಂದು ಎರಡು ಸಲ ಕೇಳಿದ. 2,000 ಭ್ರೂಣಗಳಲ್ಲಿ 84ರಲ್ಲಿ ದಾರ ಇತ್ತು. ಶೇಕಡಾ 4.2. ಆರಿಸಿದ, ಜರಡಿ ಹಿಡಿದ, ಉಪ್ಪುನೀರಿನಲ್ಲಿ ಪಾಸಾದ ಬೀಜ.

ಆ ಸಂಜೆ ಮನೆಯ ಕಟ್ಟೆಯ ಮೇಲೆ ನಡೆದ ಮಾತು ಈ ಪ್ರಕರಣದ ದೊಡ್ಡ ತಿರುವು. ಊರಿನಲ್ಲಿ ಬೀಜವೆಂದು ಕೊಟ್ಟರೆ ಪೇಟೆಯ ದರಕ್ಕಿಂತ ಕ್ವಿಂಟಲ್‌ಗೆ ಸಾವಿರ ರೂಪಾಯಿ ಹೆಚ್ಚು. ಆದರೆ ಅವರನ್ನು ಕಾಡಿದ್ದು ದುಡ್ಡಲ್ಲ. "ಹೇಳಿದರೆ ಬೀಜ ಹೋಗುತ್ತದೆ, ಹೇಳದಿದ್ದರೆ ಹೆಸರು ಹೋಗುತ್ತದೆ. ಹೇಳಿದರೆ ಬೀಗರ ಹೆಸರೂ ಹೋಗುತ್ತದೆ" ಎಂದರು. ಸೊಸೆ ಒಳಗೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಯಾರೂ ಅವಳತ್ತ ನೋಡಲಿಲ್ಲ.

ಮಗ ಇನ್ನೊಂದು ದಾರಿ ಹೇಳಿದ: ಬೀಜ ಕೊಡೋಣ, ಜೊತೆಗೆ ಔಷಧದ ಪುಡಿಯನ್ನೂ ನಾವೇ ಕೊಡೋಣ. ನಾನು ಬೇಡ ಎಂದೆ. ಪುಡಿ ಅಟ್ಟ ಸೇರುತ್ತದೆ, ಬೀಜ ಹಾಗೆಯೇ ಹೊಲ ಸೇರುತ್ತದೆ ಎಂಬುದು ನನ್ನ ಭಯ. ಈ ಸಲಹೆ ಪೂರ್ತಿ ಸರಿಯಿತ್ತೆಂದು ಇಂದಿಗೂ ಎನಿಸಿಲ್ಲ. ನವೆಂಬರಿನಲ್ಲಿ ನಾವೇ ಡ್ರಮ್ಮಿನಲ್ಲಿ ಹಾಕಿ ಉಪಚಾರ ಮಾಡಿದ ಬೀಜವನ್ನು ಕೊಡಬಹುದಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ.

ಮರುದಿನ ಈರಪ್ಪನವರು ಮನೆ ಮನೆಗೆ ಹೋಗಿ ಹೇಳಿ ಬಂದರು. ಬೀಗರ ಹೆಸರು ತೆಗೆಯಲಿಲ್ಲ. "ನನ್ನ ಹೊಲದಲ್ಲಿ ಕೆಟ್ಟಿತು" ಎಂದರು. ಐದು ಕ್ವಿಂಟಲ್ ಪೇಟೆಗೆ ಹೋಯಿತು. ಔಷಧ ಹಚ್ಚದ ಕಾಳನ್ನು ಬೀಸಿ ತಿನ್ನಲು ಯಾವ ಅಡ್ಡಿಯೂ ಇಲ್ಲ. ಇನ್ನೊಂದು ಕ್ವಿಂಟಲ್ ಅಷ್ಟರಲ್ಲೇ ಕಣದಿಂದ ಎದ್ದುಹೋಗಿತ್ತು. ಒಯ್ದವರು ದೊಡ್ಡಪ್ಪನ ಮಗ, ಒಂದೇ ಬದುವಿನ ಆಚೆಯ ಹೊಲದವರು. "ಬೀಜ ಕೊಡಲು ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳು, ರೋಗದ ಕಥೆ ಕಟ್ಟಬೇಡ" ಎಂದು ಅವರು ಹಿಂದಿರುಗಿಸಲಿಲ್ಲ. ಹಳೆಯ ಪಾಲಿನ ಜಗಳ ಗೋಧಿಯ ಕಾಳಿನೊಳಗೂ ಇತ್ತು.

ಬಿಸಿಲಿಗೆ ಹಾಕಿದ ಬೀಜ

ಮನೆಗೆಂದು ಇಟ್ಟುಕೊಂಡ ಬೀಜವನ್ನೂ ಮಾರಿಬಿಡಿ, ಹೊಸದು ತನ್ನಿ ಎಂದು ಹೇಳಬಹುದಿತ್ತು. ಆದರೆ ಔಷಧವಿಲ್ಲದೆ ಈ ರೋಗವನ್ನು ಕೊಲ್ಲುವ ಹಳೆಯ ವಿಧಾನವೊಂದಿದೆ. ಅದನ್ನು ಅವರ ಕೈಯಲ್ಲಿ ಮಾಡಿಸಿ ನೋಡುವ ಆಸೆ ನನಗಿತ್ತು.

ಡೆನ್ಮಾರ್ಕಿನ ಜೆನ್ಸೆನ್ 1880ರ ದಶಕದ ಕೊನೆಯಲ್ಲಿ ಬಿಸಿನೀರಿನ ಉಪಚಾರವನ್ನು ತೋರಿಸಿಕೊಟ್ಟಿದ್ದ. ನೀರಿನ ಕಾವು ಸ್ವಲ್ಪ ಕಡಿಮೆಯಾದರೆ ಶಿಲೀಂಧ್ರ ಬದುಕುತ್ತದೆ, ಸ್ವಲ್ಪ ಹೆಚ್ಚಾದರೆ ಬೀಜ ಸಾಯುತ್ತದೆ. ಹಳ್ಳಿಯ ಮನೆಯಲ್ಲಿ ಆಗುವ ಕೆಲಸವಲ್ಲ. 1934ರಲ್ಲಿ ಲಾಯಲ್‌ಪುರದ (ಇಂದಿನ ಪಾಕಿಸ್ತಾನದ ಫೈಸಲಾಬಾದ್) ಲೂಥ್ರಾ ಮತ್ತು ಸತ್ತಾರ್ ಅದನ್ನು ನಮ್ಮ ಬೇಸಿಗೆಗೆ ಒಗ್ಗಿಸಿದರು. ಬೆಳಿಗ್ಗೆ ನಾಲ್ಕು ತಾಸು ಬೀಜವನ್ನು ತಣ್ಣೀರಿನಲ್ಲಿ ನೆನೆಸುವುದು, ಮಧ್ಯಾಹ್ನ ನಾಲ್ಕು ತಾಸು ಸುಡುಬಿಸಿಲಿನಲ್ಲಿ ತೆಳ್ಳಗೆ ಹರಡಿ ಒಣಗಿಸುವುದು. ಇಷ್ಟೇ. ಒಣ ಬೀಜದೊಳಗೆ ಮಲಗಿರುವ ಶಿಲೀಂಧ್ರ ಬಿಸಿಲಿಗೆ ಜಗ್ಗುವುದಿಲ್ಲ. ನೀರು ಕುಡಿಸಿ ಎಬ್ಬಿಸಿದರೆ ಮೆತ್ತಗಾಗುತ್ತದೆ, ಆಗ ಕಾವು ತಾಳುವುದಿಲ್ಲ.

ಏಪ್ರಿಲಿನಲ್ಲಿ 20 ಕಿಲೋದಂತೆ ಮೂರು ಕಂತು ಮಾಡಿದರು. ಎಂಟು ಗಂಟೆಗೆ ನೆನೆಹಾಕಿ ಹನ್ನೆರಡಕ್ಕೆ ತಾರಸಿಯ ಮೇಲೆ ಹರಡಿದರು. ಸಿಮೆಂಟು ಬರಿಗಾಲು ಇಡಲಾಗದಷ್ಟು ಕಾದಿತ್ತು. ಈರಪ್ಪನವರ ಮಡದಿ ಮೊಣಕಾಲ ಕೆಳಗೆ ಗೋಣಿತಾಟು ಹಾಕಿಕೊಂಡು ಕೈಯಾಡಿಸಿದರು. ಮೊದಲ ಎರಡು ಕಂತು ಸಂಜೆಗೆ ಗರಿಗರಿಯಾಗಿ ಒಣಗಿದವು. ಮೂರನೆಯ ದಿನ ಎರಡು ಗಂಟೆಗೆ ಅಶ್ವಿನಿ ಮಳೆಯ ಮೋಡ ಕವಿಯಿತು. ಮಳೆ ಬರಲಿಲ್ಲ, ಬಿಸಿಲೂ ಬರಲಿಲ್ಲ. ಹಸಿ ಬೀಜವನ್ನು ರಾಶಿ ಮಾಡಿ ಒಳಗಿಟ್ಟರು. ಬೆಳಿಗ್ಗೆ ರಾಶಿಯೊಳಗೆ ಕೈ ಹಾಕಿದರೆ ಬಿಸಿ, ಹುಳಿ ವಾಸನೆ. ಒದ್ದೆ ಗೋಣಿಯಲ್ಲಿ ನೂರು ನೂರು ಕಾಳು ಸುತ್ತಿಟ್ಟು ಮೊಳಕೆ ಎಣಿಸಿದಾಗ ಮೊದಲ ಕಂತಿನಲ್ಲಿ 87, ಎರಡನೆಯದರಲ್ಲಿ 85, ಮೂರನೆಯದರಲ್ಲಿ 58. ಮೂರನೆಯ ಕಂತನ್ನು ಹೊರಗೆ ಹಾಕಬೇಕಾಯಿತು. ಈ ವಿಧಾನಕ್ಕೆ ಖರ್ಚಿಲ್ಲ ನಿಜ, ಆಕಾಶದ ಜಾಮೀನು ಬೇಕು.

ಎರಡನೆಯ ವರ್ಷ ಮತ್ತು ನನ್ನ ಎರಡನೆಯ ತಪ್ಪು

ನವೆಂಬರಿನಲ್ಲಿ ಹೊಲದ ಬಹುಭಾಗಕ್ಕೆ ಪ್ರಮಾಣಿತ ಬೀಜ ತಂದು ಬಿತ್ತಿದರು. ಒಂದು ಪಕ್ಕದಲ್ಲಿ ಹೋಲಿಕೆಗಾಗಿ ಪಟ್ಟಿಗಳನ್ನು ಹಾಕಿಸಿದೆ: ಏನೂ ಹಚ್ಚದ ಮನೆಬೀಜ, ಗಂಧಕ ಹಚ್ಚಿದ್ದು, ಬಿಸಿಲಿನದು, ಮತ್ತು ಕಾರ್ಬಾಕ್ಸಿನ್ ಹಚ್ಚಿದ್ದು. ಕಾರ್ಬಾಕ್ಸಿನ್ 1966ರಲ್ಲಿ ಬೆಳಕಿಗೆ ಬಂದ ಔಷಧ. ಬೀಜದ ಹೊರಗಷ್ಟೇ ನಿಲ್ಲದೆ ಮೊಳೆಯುವ ಸಸಿಯೊಳಗೆ ಇಳಿದು ಭ್ರೂಣದ ಶಿಲೀಂಧ್ರವನ್ನು ಮುಟ್ಟುವ ಗುಣ ಅದಕ್ಕಿದೆ. ಶೇಕಡಾ 75ರ ಪುಡಿಯಾದರೆ ಕಿಲೋ ಬೀಜಕ್ಕೆ ಎರಡರಿಂದ ಎರಡೂವರೆ ಗ್ರಾಂ. ಕೈಗವಸು ಹಾಕಿಕೊಂಡು, ಚೂರು ನೀರು ಚಿಮುಕಿಸಿ ಅಂಟುವಂತೆ ಹಚ್ಚಿ, ನೆರಳಿನಲ್ಲಿ ಆರಿಸಿ ಬಿತ್ತಿದೆವು. ಉಳಿದ ಒಂದು ಬೊಗಸೆ ಬೀಜವನ್ನು ಕೋಳಿಗೆ ಹಾಕಲು ಹೊರಟಿದ್ದ ಅಜ್ಜಿಯನ್ನು ತಡೆದು ಮಣ್ಣಿನಲ್ಲಿ ಹೂಳಿಸಿದೆವು.

ಜನವರಿಯಲ್ಲಿ ಎಣಿಸಿದಾಗ ಏನೂ ಹಚ್ಚದ ಪಟ್ಟಿಯಲ್ಲಿ 1,120 ತೆನೆಗೆ 43 ಕಾಡಿಗೆ, ಗಂಧಕದ ಪಟ್ಟಿಯಲ್ಲಿ 1,060ಕ್ಕೆ 41. ಎರಡಕ್ಕೂ ವ್ಯತ್ಯಾಸವೇ ಇಲ್ಲ. ಬಿಸಿಲಿನ ಪಟ್ಟಿಯಲ್ಲಿ 1,090ಕ್ಕೆ ನಾಲ್ಕು. ಕಾರ್ಬಾಕ್ಸಿನ್ ಪಟ್ಟಿಯ 1,150 ತೆನೆಗಳಲ್ಲಿ ಒಂದೂ ಇಲ್ಲ. ಈರಪ್ಪನವರು ಗಂಧಕದ ಪಟ್ಟಿಯ ಮುಂದೆ ಹೆಚ್ಚು ಹೊತ್ತು ನಿಂತರು. ನಾನು ವರ್ಷವಿಡೀ ಹೇಳಿದ್ದನ್ನು ಆ ಎರಡು ಸಾಲುಗಳು ಅರ್ಧ ನಿಮಿಷದಲ್ಲಿ ಹೇಳಿದವು.

ಎಲ್ಲರಿಗೂ ಖುಷಿ. ಮುಖ್ಯ ಹೊಲ ಕಣ್ಣಿಗೆ ಸ್ವಚ್ಛ, ಈ ಸಲದ ಬೀಜ ಊರಿಗೆ ಕೊಡಬಹುದು ಎಂದುಕೊಂಡರು. ನಾನೂ ತಲೆಯಾಡಿಸಿದೆ. ಆದರೂ ಅಭ್ಯಾಸಬಲದಿಂದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆ. 1,900 ಭ್ರೂಣಗಳಲ್ಲಿ 17ರಲ್ಲಿ ನೀಲಿ ದಾರ. ಶೇಕಡಾ 0.9. ಹೊಲದಲ್ಲಿ ಕರಿತೆನೆ ಇರಲಿಲ್ಲ, ಬೀಜದಲ್ಲಿ ರೋಗ ಇತ್ತು.

ಎಲ್ಲಿಂದ ಬಂತು? ಬದುವಿನ ಆಚೆ ದಾಯಾದಿಯ ಹೊಲದಲ್ಲಿ ಹಿಂದಿನ ವರ್ಷದ ಅದೇ ಬೀಜ ಕರಿತೆನೆ ಹೊತ್ತು ನಿಂತಿತ್ತು. ಎಲ್ಲರೂ ಅತ್ತ ಬೆರಳು ಮಾಡಿದರು. ನಾನೂ ಮಾಡುತ್ತಿದ್ದೆ. ಆದರೆ ಬದುವಿನ ಈಚೆ, ಸ್ವಚ್ಛ ಬೆಳೆಯ ಮಗ್ಗುಲಿಗೇ, ಏನೂ ಹಚ್ಚದ ಬೀಜದ ಪಟ್ಟಿಯನ್ನು ಹಾಕಿಸಿದ್ದು ಯಾರು? ನಾನು. ಕಾಡಿಗೆ ಮಿತಿ ಮೀರಿದ ಗೋಧಿಯಿಂದ ಬೀಜದ ಹೊಲ 150 ಮೀಟರ್ ದೂರವಿರಬೇಕೆಂದು ಪ್ರಮಾಣನದ ನಿಯಮ ಹೇಳುತ್ತದೆ. ನನ್ನ ಪಟ್ಟಿ ಇದ್ದದ್ದು ಹತ್ತು ಹೆಜ್ಜೆ ದೂರದಲ್ಲಿ. ರೈತನಿಗೆ ತೋರಿಸಿ ಒಪ್ಪಿಸಬೇಕೆಂಬ ಹಟದಲ್ಲಿ ಅವನ ಬೀಜದ ಹೊಲದ ಅಂಚಿಗೆ ರೋಗವನ್ನು ನಾನೇ ನೆಟ್ಟಿದ್ದೆ. ಆ 17 ಭ್ರೂಣಗಳಲ್ಲಿ ದಾಯಾದಿಯ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಯಾವ ಸೂಕ್ಷ್ಮದರ್ಶಕವೂ ಹೇಳಲಾರದು. ಈರಪ್ಪನವರಿಗೆ ಇದನ್ನು ಹೇಳಿದಾಗ ಅವರು ನಕ್ಕರು. "ಅವನನ್ನು ಬೈಯುವ ಹಾಗಿಲ್ಲ ಅಂತಾಯಿತು" ಎಂದರು.

ಆ ನಗುವಿನಿಂದ ಒಂದು ಉಪಕಾರವಾಯಿತು. ಅವರು ಅಣ್ಣನ ಮನೆಗೆ ಹೋಗಿ "ನಿನ್ನ ಹೊಲದಿಂದ ಬಂತು" ಎನ್ನಲಿಲ್ಲ. "ಸಾಹೇಬರ ಪಟ್ಟಿಯಿಂದ ನನ್ನ ಬೀಜ ಕೆಟ್ಟಿತು, ನಿನ್ನದೂ ಕೆಟ್ಟಿರಬಹುದು" ಎಂದರು. ತಪ್ಪು ಹೊರಗಿನವನ ತಲೆಗೆ ಹೋದ ಮೇಲೆ ಇಬ್ಬರಿಗೂ ಮಾತಾಡುವುದು ಸುಲಭವಾಯಿತು.

ಮೂರನೆಯ ವರ್ಷ

ಹೆಚ್ಚು ಹೇಳುವಂಥದ್ದಿಲ್ಲ. ಪಟ್ಟಿ ಹಾಕಲಿಲ್ಲ. ಎರಡೂ ಮನೆಯ ಬೀಜವನ್ನು ಒಂದೇ ಡ್ರಮ್ಮಿನಲ್ಲಿ ಒಂದೇ ದಿನ ಉಪಚಾರ ಮಾಡಿದರು. ಹೊಡೆ ಒಡೆಯುವ ವಾರದಲ್ಲಿ ಮೂರು ಬೆಳಿಗ್ಗೆ, ಇಬ್ಬನಿ ಆರುವ ಮೊದಲು, ಸೊಸೆ ಮತ್ತು ಇಬ್ಬರು ಆಳುಗಳು ಸಾಲು ಸಾಲು ನಡೆದರು. ಈ ಸಲ ಕೈಯಲ್ಲಿ ಪ್ಲಾಸ್ಟಿಕ್ ಚೀಲ: ಕರಿತೆನೆ ಕಂಡರೆ ಅಲುಗಿಸದೆ ಮೇಲಿನಿಂದ ಚೀಲ ಮುಚ್ಚಿ, ಬಾಯಿ ಹಿಡಿದು, ಆಮೇಲೆ ಗಿಡವನ್ನೇ ಕೀಳುವುದು. ಅಣ್ಣನ ಹೊಲದಲ್ಲಿ ಮೂರು ತೆನೆ ಸಿಕ್ಕವು, ಈರಪ್ಪನವರದರಲ್ಲಿ ಒಂದೂ ಇಲ್ಲ. ಆ ವರ್ಷದ ಬೀಜದ ಮಾದರಿಯಲ್ಲೂ ದಾರ ಕಾಣಲಿಲ್ಲ. ಹಳೆಯ ಐದು ಮನೆಗಳಲ್ಲಿ ಮೂರು ಮನೆಯವರು ಬೀಜ ಒಯ್ದರು. ಉಳಿದವರು ಅಷ್ಟರಲ್ಲಿ ಪ್ರಮಾಣಿತ ಬೀಜಕ್ಕೆ ಹೊಂದಿಕೊಂಡಿದ್ದರು, ಅದೂ ಒಳ್ಳೆಯದೇ.

ಈಗ ನಾನು ಗೋಧಿಯ ಕರಿತೆನೆಯ ಚಿತ್ರ ಬಂದರೆ ಮೊದಲು ಕೇಳುವುದು ಮೂರು ಪ್ರಶ್ನೆ: ಬೀಜ ಎಲ್ಲಿಂದ ಬಂತು, ಇದನ್ನು ಬೀಜಕ್ಕೆ ಇಡುತ್ತೀರಾ, ಪಕ್ಕದ ಹೊಲದಲ್ಲಿ ಏನಿದೆ? ಔಷಧದ ಮಾತು ಆಮೇಲೆ.

ಬೀಗರ ಹೊಲದ ವಿಷಯ ಉಳಿದಿತ್ತು. ಮೂರು ವರ್ಷವೂ ಈರಪ್ಪನವರು ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಕಳೆದ ದೀಪಾವಳಿಗೆ ಸೊಸೆ ತವರಿಗೆ ಹೊರಟಾಗ ಅವರು 60 ಕಿಲೋ ಬೀಜಕ್ಕೆ 150 ಗ್ರಾಂನಂತೆ ತೂಗಿದ ನಾಲ್ಕು ಪುಡಿಯ ಪೊಟ್ಟಣ ಮತ್ತು ಒಂದು ಜೊತೆ ಕೈಗವಸನ್ನು ಬೇರೆ ಚೀಲದಲ್ಲಿ ಕಟ್ಟಿ, ಕರಜಿಕಾಯಿಯ ಡಬ್ಬಿಯಿಂದ ದೂರ ಇಟ್ಟುಕೊಳ್ಳಲು ಹೇಳಿ ಕಳಿಸಿದರಂತೆ. ಅಲ್ಲಿ ಅವಳ ಅಪ್ಪ ಪೊಟ್ಟಣಗಳನ್ನು ತಿರುಗಿಸಿ ನೋಡಿ, "ನಮ್ಮ ಬೀಜಕ್ಕೆ ಏನಾಗಿದೆಯಮ್ಮ?" ಎಂದು ಕೇಳಿದರಂತೆ.

"ನಾವು ಚಿಕ್ಕವರಿದ್ದಾಗ ಹಣೆಗೆ ಇಟ್ಟುಕೊಳ್ಳುತ್ತಿದ್ದೆವಲ್ಲ ಅಪ್ಪಾ," ಎಂದಳಂತೆ ಅವಳು, "ಅದು ಈ ಸಲ ಬರಬಾರದು."